ಇಟಲಿಗೆ ಹೊರಟವರ ಪ್ರಶ್ನೆಗಳು

ಕೊಡಗಿನ ಬೆಳೆಗಾರರ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣದ ಹೋದ ಸಂಚಿಕೆಯಲ್ಲಿ ಮಾತಿನ ಮಧ್ಯೆ ಇಟಲಿಗೆ ಹೋಗಿಬಂದ ವಿಷಯ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ರೊಬಸ್ಟಾ ಕಾಫಿ ಮಾರಿ ಮುಗಿಸಿದವರು, ಮಕ್ಕಳು ಅಲ್ಲಿ ಓದುತ್ತಿರುವವರು, ಅಜ್ಜ ಅಲ್ಲಿ ಯುದ್ಧ ಮಾಡಿದ್ದರು ಅನ್ನುವವರು, ಎಲ್ಲರೂ ಕೇಳಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇಟಲಿಗೇ ಬಿಟ್ಟಿದ್ದೇನೆ. ಗೊಬ್ಬರ, ಬೋರರ್ ಹುಳ, ಆನೆ ಕಾಟದ ಬಗ್ಗೆ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಿ. ಆನೆ ಎಲ್ಲಿಗೂ ಹೋಗುವುದಿಲ್ಲ.

ನಾನು ಟ್ರಾವೆಲ್ ಏಜೆಂಟ್ ಅಲ್ಲ. ಎರಡು ಸಲ ಹೋಗಿದ್ದೇನೆ ಅಷ್ಟೆ. ಮೊದಲ ಸಲ ಗ್ರೂಪ್ ಟೂರ್‌ನಲ್ಲಿ, ಎರಡನೇ ಸಲ ನಾನೂ ಹೆಂಡತಿಯೂ ನಮ್ಮ ಪಾಡಿಗೆ. ಮೊದಲ ಸಲ ಬಸ್ಸಿನ ಕಿಟಕಿಯನ್ನು ಚೆನ್ನಾಗಿ ನೋಡಿದೆ, ಇಟಲಿ ನೋಡಿದ್ದು ಎರಡನೇ ಸಲ. ನನ್ನ ಉತ್ತರಗಳೆಲ್ಲ ಆ ಕಡೆಗೇ ವಾಲುತ್ತವೆ, ಗೊತ್ತಿರಲಿ.

ನಮ್ಮದು ಹನ್ನೆರಡು ಎಕರೆ ಕಾಫಿ ತೋಟ. ಜಮ್ಮಾ ಜಾಗ, ಅಂದರೆ ತಲೆಮಾರಿನಿಂದ ಕುಟುಂಬಕ್ಕೆ ಬಂದ ಭೂಮಿ. ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಪಟ್ಟೇದಾರರಾಗಿ ದೊಡ್ಡಪ್ಪನ ಹೆಸರಿದೆ. ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಯಾವತ್ತೂ ಹಾಕಿಲ್ಲ. ಇಂಥವರಿಗೆ ವೀಸಾ ಸಿಗುವುದಿಲ್ಲ, ನಮ್ಮ ಮೂಲಕ ಬಂದರೆ ಮಾತ್ರ ಆಗುತ್ತದೆ ಅಂತ ಏಜೆಂಟ್ ಹೇಳುತ್ತಾರೆ. ಹೌದಾ?
– ಸಿದ್ದಾಪುರದ ಓದುಗರು

ಅಲ್ಲ ಸರ್. ಏಜೆಂಟ್ ಫಾರಂ ತುಂಬಿಕೊಡಬಹುದು, ಅಪಾಯಿಂಟ್‌ಮೆಂಟ್ ಹಿಡಿದುಕೊಡಬಹುದು. ವೀಸಾ ಕೊಡುವುದು ಬಿಡುವುದು ಇಟಲಿಯವರ ಕೈಯಲ್ಲಿ. ಬೆರಳಚ್ಚು ಕೊಡಲು ಬೆಂಗಳೂರಿನ ವೀಸಾ ಕೇಂದ್ರಕ್ಕೆ ನೀವೇ ಹೋಗಬೇಕು, ಏಜೆಂಟ್ ಬೆರಳು ಅಲ್ಲಿ ನಡೆಯುವುದಿಲ್ಲ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ಕಡತದಲ್ಲಿರುತ್ತದೆ.

ಬೇಕಾದದ್ದು ಷೆಂಗೆನ್ ವೀಸಾ. ಅದೊಂದಿದ್ದರೆ ಯೂರೋಪಿನ 29 ದೇಶ ಓಡಾಡಬಹುದು, ಯಾವುದೇ 180 ದಿನದಲ್ಲಿ 90 ದಿನದವರೆಗೆ. ಫೀ ದೊಡ್ಡವರಿಗೆ 90 ಯೂರೋ. 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಇದರ ಮೇಲೆ ಕೇಂದ್ರದವರ ಸರ್ವಿಸ್ ಚಾರ್ಜ್. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೇಪಕ್ಷ 15 ದಿನ ಮುಂಚೆ ಹಾಕಲೇಬೇಕು. ನನ್ನ ಕೇಳಿದರೆ ಎರಡು ತಿಂಗಳು ಮುಂಚೆ ಹಾಕಿ, ಯಾಕೆಂದರೆ ಬೇಸಿಗೆ ಹತ್ತಿರ ಬಂದಂತೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಟ್ರಾವೆಲ್ ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಇರಬೇಕು. ಪಾಸ್‌ಪೋರ್ಟ್‌ಗೆ ವಾಪಸ್ ಬಂದ ಮೇಲೂ ಮೂರು ತಿಂಗಳು ಅವಧಿ ಇರಬೇಕು, ಎರಡು ಪುಟ ಖಾಲಿ ಇರಬೇಕು.

ಈಗ ನಿಮ್ಮ ನಿಜವಾದ ಕಷ್ಟಕ್ಕೆ ಬರೋಣ. ಅವರಿಗೆ ನೋಡಬೇಕಾದದ್ದು ಎರಡೇ: ಖರ್ಚಿಗೆ ದುಡ್ಡಿದೆಯಾ, ತಿರುಗಿ ಊರಿಗೆ ಬರುತ್ತೀರಾ. ಕಾಫಿಯನ್ನು ಬೆಳೆದು, ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಮಾಡುವುದು) ಮಾಡಿಸದೆ ಹಾಗೇ ಮಾರಿದರೆ ಅದು ಕೃಷಿ ಆದಾಯ, ಆದಾಯ ತೆರಿಗೆ ಬೀಳುವುದಿಲ್ಲ. ಅದಕ್ಕೇ ನಮ್ಮಲ್ಲಿ ಎಷ್ಟೋ ಜನ ರಿಟರ್ನ್ ಹಾಕಿಲ್ಲ. ಇದು ನಿಮಗೂ ನನಗೂ ಗೊತ್ತು, ಅರ್ಜಿ ನೋಡುವವರಿಗೆ ಹೇಗೆ ಗೊತ್ತಿರಬೇಕು? ಒಂದು ಪುಟದ ಪತ್ರದಲ್ಲಿ ಬರೆದು ಹೇಳಿ. ತೋಟ ಇಷ್ಟು, ಬೆಳೆ ಇದು, ಮಾರುವುದು ವರ್ಷಕ್ಕೆ ಒಮ್ಮೆ, ಈ ಕಾರಣಕ್ಕೆ ರಿಟರ್ನ್ ಇಲ್ಲ, ಜಾಗ ಕುಟುಂಬದ ಹೆಸರಿನಲ್ಲಿದೆ, ನಮ್ಮ ಪಾಲು ಇಷ್ಟು. ಆರ್‌ಟಿಸಿಯನ್ನು ಇಂಗ್ಲಿಷಿಗೆ ಭಾಷಾಂತರ ಮಾಡಿಸಿ ಜೊತೆಗಿಡಿ. ಪಟ್ಟೇದಾರ ಅನ್ನುವ ಪದಕ್ಕೆ ಸುಮ್ನೆ ಓನರ್ ಅಂತ ಬರೆಸಬೇಡಿ, ಆಮೇಲೆ ನಿಮ್ಮ ಹೆಸರು ಎಲ್ಲಿ ಅಂತ ಕೇಳುತ್ತಾರೆ. ಕುಟುಂಬದ ಪರವಾಗಿ ದಾಖಲೆಯಲ್ಲಿರುವ ಹಿರಿಯರು ಅಂತ ಬಿಡಿಸಿ ಬರೆಸಿ. ಕಾಫಿ ಮಾರಿದ ಬಿಲ್‌ಗಳನ್ನೂ ಇಡಿ.

ಬ್ಯಾಂಕ್ ಸ್ಟೇಟ್‌ಮೆಂಟ್ ವಿಷಯದಲ್ಲಿ ನಮ್ಮವರು ಎಡವುವುದು ಇಲ್ಲೇ. ಫೆಬ್ರವರಿಯಲ್ಲೋ ಮಾರ್ಚ್‌ನಲ್ಲೋ ಒಂದೇ ಸಲ ಲಕ್ಷಗಟ್ಟಲೆ ಬರುತ್ತದೆ, ಉಳಿದ ಹತ್ತು ತಿಂಗಳು ಹೋಗುತ್ತಲೇ ಇರುತ್ತದೆ. ಸಂಬಳದವರ ಸ್ಟೇಟ್‌ಮೆಂಟ್ ನೋಡಿ ಅಭ್ಯಾಸ ಇರುವವರಿಗೆ ಇದು ವೀಸಾಗೋಸ್ಕರ ಯಾರೋ ದುಡ್ಡು ಹಾಕಿಕೊಟ್ಟ ಹಾಗೆ ಕಾಣುತ್ತದೆ. ಆ ಜಮೆಯ ತಾರೀಕಿನ ಪಕ್ಕ ಮಾರಾಟದ ಬಿಲ್ ನಂಬರ್ ಬರೆದುಬಿಡಿ, ಹಿಂದಿನ ವರ್ಷದ ಅದೇ ತಿಂಗಳ ಪುಟವನ್ನೂ ಸೇರಿಸಿ. ನಾನು ಹಾಗೇ ಮಾಡಿದೆ, ಒಂದು ಪ್ರಶ್ನೆಯೂ ಬರಲಿಲ್ಲ. ಬಾವನಿಂದಲೋ ಭಾವಮೈದುನನಿಂದಲೋ ನಾಲ್ಕು ಲಕ್ಷ ಸಾಲ ತಂದು ಖಾತೆ ತುಂಬಿಸುವ ಕೆಲಸ ಮಾತ್ರ ಬೇಡ.

ಹೋಗುವಾಗ ಇನ್ನೊಂದು ಗೊತ್ತಿರಲಿ. 2025ರ ಅಕ್ಟೋಬರ್‌ನಿಂದ ಅಲ್ಲಿನ ಗಡಿಯಲ್ಲಿ ಸೀಲ್ ಒತ್ತುವ ಬದಲು ಮುಖದ ಫೋಟೋ, ಬೆರಳಚ್ಚು ಕಂಪ್ಯೂಟರ್‌ಗೆ ಸೇರಿಸುವ ವ್ಯವಸ್ಥೆ ಶುರುವಾಗಿದೆ. ಇಳಿದ ತಕ್ಷಣ ಎರಡು ಗಂಟೆಯೊಳಗೆ ರೈಲು ಹಿಡಿಯುವ ಪ್ಲಾನ್ ಇಟ್ಟುಕೊಳ್ಳಬೇಡಿ.

ಯಾವ ತಿಂಗಳು ಹೋಗುವುದು ಒಳ್ಳೆಯದು?
– ಗೋಣಿಕೊಪ್ಪಲಿನ ಓದುಗರು

ಅವರಿಗೆ ಒಳ್ಳೆಯ ಹವೆ ಏಪ್ರಿಲ್‌ನಿಂದ ಜೂನ್ ಮೊದಲ ಭಾಗ, ಮತ್ತೆ ಸೆಪ್ಟೆಂಬರ್, ಅಕ್ಟೋಬರ್. ನಮ್ಮ ತೋಟದ ಲೆಕ್ಕಕ್ಕೂ ಅದೇ ಸರಿ. ಕೊಯ್ಲು ಮುಗಿದು, ಹೂಮಳೆ ಬಂದು, ಅದರ ಬೆನ್ನಿಗೆ ಬರುವ ಮಳೆಯೂ ಬಿದ್ದ ಮೇಲೆ ಮನಸ್ಸು ಹಗುರ ಇರುತ್ತದೆ. ಏಪ್ರಿಲ್ ಮೇ ನಮ್ಮಲ್ಲಿ ಮದುವೆಗಳ ಕಾಲ, ಅದೊಂದು ತಾಪತ್ರಯ. ನಾವು ಕೈಲ್ ಮುಹೂರ್ತದ ಹಬ್ಬ ಮುಗಿಸಿಕೊಂಡು ಸೆಪ್ಟೆಂಬರ್‌ನಲ್ಲಿ ಹೊರಟು, ಅಕ್ಟೋಬರ್‌ನಲ್ಲಿ ತಲಕಾವೇರಿಯ ತೀರ್ಥೋದ್ಭವಕ್ಕೆ ಮುಂಚೆ ಮನೆಗೆ ಬಂದೆವು. ಅರೇಬಿಕಾ ಹಣ್ಣಾಗುವಷ್ಟರಲ್ಲಿ ತೋಟದಲ್ಲಿದ್ದೆವು.

ಆಗಸ್ಟ್ ಬೇಡ. ಸುಡು ಬಿಸಿಲು, ಎಲ್ಲ ಕಡೆ ಜನ. 15ನೇ ತಾರೀಕು ಅವರಿಗೆ ಫೆರ್ರಾಗೊಸ್ತೊ ಅಂತ ದೊಡ್ಡ ರಜೆ. ಅದರ ಆಚೆ ಈಚೆ ವಾರ ಸಣ್ಣ ಅಂಗಡಿ ಹೋಟೆಲಿನವರು ಬಾಗಿಲು ಹಾಕಿ ಸಮುದ್ರಕ್ಕೆ ಹೋಗಿಬಿಡುತ್ತಾರೆ. ನಮ್ಮ ಹುತ್ತರಿ ಹಬ್ಬದ ದಿನ ಪೇಟೆಯಲ್ಲಿ ಪ್ಲಂಬರ್ ಹುಡುಕಿದ ಹಾಗಾಗುತ್ತದೆ.

ನಮಗೆ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ. ಅಲ್ಲಿಂದ ಗಲ್ಫ್‌ಗೆ ಹೋಗಿ, ಅಲ್ಲಿಂದ ಇಟಲಿಗೆ ಬೇರೆ ಟಿಕೆಟ್ ಮಾಡಿದರೆ ಉಳಿತಾಯ ಅಲ್ವಾ?
– ವಿರಾಜಪೇಟೆಯ ಓದುಗರು

ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು, ನಿಜ, ಆಸೆ ಆಗುತ್ತದೆ. ಆದರೆ ಬೇರೆ ಬೇರೆ ಎರಡು ಟಿಕೆಟ್ ಅಂದರೆ ಬ್ಯಾಗೇಜ್ ಗಲ್ಫ್‌ನಲ್ಲಿ ಇಳಿಸಿಕೊಂಡು ಮತ್ತೆ ಚೆಕ್ ಇನ್ ಮಾಡಬೇಕಾಗಬಹುದು. ಬ್ಯಾಗ್ ತೆಗೆದುಕೊಳ್ಳಲು ಹೊರಗೆ ಬರಬೇಕು, ಹೊರಗೆ ಬರಲು ಆ ದೇಶದ ವೀಸಾ ಬೇಕಾಗಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಜವಾಬ್ದಾರರಲ್ಲ. ಒಂದೇ ಟಿಕೆಟ್‌ನಲ್ಲಿ ಬೆಂಗಳೂರಿನಿಂದ ರೋಮ್‌ಗೋ ಮಿಲಾನ್‌ಗೋ ಮಾಡಿ. ರೋಮ್‌ಗೆ ಹೋಗಿ ಮಿಲಾನ್‌ನಿಂದ ವಾಪಸ್ ಬರುವಂತೆ ಮಾಡಿದರೆ ಇನ್ನೂ ಒಳ್ಳೆಯದು, ಹೋದ ದಾರಿಯಲ್ಲೇ ಹಿಂದೆ ಬರುವ ಒಂದು ದಿನ ಉಳಿಯುತ್ತದೆ.

ಮಗ ಮಿಲಾನ್‌ನಲ್ಲಿ ಓದುತ್ತಿದ್ದಾನೆ. ಹಂದಿ ಉಪ್ಪಿನಕಾಯಿ, ಮನೆ ತುಪ್ಪ, ಕಾಚಂಪುಳಿ (ಪಂದಿಕರಿಗೆ ಹಾಕುವ ಕಪ್ಪು ಹುಳಿ ರಸ), ಜೇನು, ಕಿತ್ತಳೆ ಕೊಂಡುಹೋಗಬೇಕು ಅಂತ ಪಟ್ಟಿ ಮಾಡಿದ್ದೇನೆ. ಬಿಡುತ್ತಾರಾ?
– ಮಡಿಕೇರಿಯ ಓದುಗರು

ಅಕ್ಕ, ಪಟ್ಟಿಯಲ್ಲಿ ಅರ್ಧ ಹೊಡೆದುಹಾಕಬೇಕಾಗುತ್ತದೆ. ಯೂರೋಪಿನ ಒಕ್ಕೂಟದ ಹೊರಗಿನಿಂದ ಬರುವವರು ಮಾಂಸ ಮತ್ತು ಹಾಲಿನ ಪದಾರ್ಥ ಒಂದು ಚೂರೂ ತರುವಂತಿಲ್ಲ. ಜಾನುವಾರು ರೋಗದ ಭಯ ಅವರಿಗೆ. ಹಂದಿ ಉಪ್ಪಿನಕಾಯಿ ಎಷ್ಟು ಎಣ್ಣೆಯಲ್ಲಿ ಮುಳುಗಿದ್ದರೂ ಮಾಂಸವೇ. ತುಪ್ಪವೂ ಹೋಯಿತು. ಜೇನು ಎರಡು ಕೆ.ಜಿ.ವರೆಗೆ ಪರವಾಗಿಲ್ಲ.

ಹಣ್ಣಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಐದಕ್ಕೆ ಮಾತ್ರ ವಿನಾಯಿತಿ: ಬಾಳೆ, ಅನಾನಸ್, ತೆಂಗಿನಕಾಯಿ, ಖರ್ಜೂರ, ದುರಿಯನ್. ನಮ್ಮ ಕಿತ್ತಳೆ ಅದರಲ್ಲಿಲ್ಲ. ಹಸಿ ಕರಿಬೇವಿನ ಸೊಪ್ಪೂ ಇಲ್ಲ.

ಒಯ್ಯಬಹುದಾದದ್ದು: ಕಾಫಿಪುಡಿ, ಒಣಗಿದ ಕಾಳುಮೆಣಸು, ಮಸಾಲೆಪುಡಿ, ಕಾಚಂಪುಳಿ, ಮಡಿಕೇರಿಯ ಚಾಕೊಲೇಟ್. ಕಾಚಂಪುಳಿ ಬಾಟಲಿ ಮಾತ್ರ ಜೋಪಾನ. ನನ್ನದು ಸೂಟ್‌ಕೇಸಿನೊಳಗೆ ಬಿರುಕು ಬಿಟ್ಟು ಒಂದು ಬಿಳಿ ಅಂಗಿ, ಹೆಂಡತಿಯ ಒಂದು ಸೀರೆ, ಅವಳ ಮುಖ, ಮೂರೂ ಕಪ್ಪಾದವು. ಪ್ಲಾಸ್ಟಿಕ್ ಬಾಟಲಿಗೆ ಬಗ್ಗಿಸಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಕವರ್ ಒಳಗಿಟ್ಟು ಚೆಕ್ ಇನ್ ಬ್ಯಾಗಿಗೆ ಹಾಕಿ. ಹಂದಿಮಾಂಸಕ್ಕೆ ಇಟಲಿಯಲ್ಲಿ ಬರವಿಲ್ಲ, ಮೂಲೆ ಮೂಲೆಯಲ್ಲೂ ಸಿಗುತ್ತದೆ. ಪುಡಿಯೂ ಕಾಚಂಪುಳಿಯೂ ತಲುಪಿದರೆ ಪಂದಿಕರಿ ನಿಮ್ಮ ಮಗ ಅಲ್ಲೇ ಮಾಡಿಕೊಳ್ಳುತ್ತಾನೆ, ನೀವು ಫೋನಿನಲ್ಲಿ ಹೇಳಿಕೊಡಿ.

ಅಮ್ಮನಿಗೆ ಎಪ್ಪತ್ತೆರಡು, ಮಂಡಿ ನೋವು, ಪೂರಾ ಸಸ್ಯಾಹಾರಿ. ಟಾಯ್ಲೆಟ್‌ನಲ್ಲಿ ನೀರಿರುವುದಿಲ್ಲ ಅಂತ ಕೇಳಿ ಬರುವುದಿಲ್ಲ ಅಂತ ಕೂತಿದ್ದಾರೆ.
– ಕುಶಾಲನಗರದ ಓದುಗರು

ಮೊದಲು ನೀರಿನ ವಿಷಯ ಹೇಳಿ, ಅಮ್ಮ ಹೊರಡುತ್ತಾರೆ. ಯೂರೋಪಿನಲ್ಲಿ ಈ ವಿಷಯದಲ್ಲಿ ನಮಗೆ ಹತ್ತಿರ ಇರುವವರು ಇಟಲಿಯವರೇ. ಪ್ರತಿ ಮನೆಯ ಒಂದು ಬಚ್ಚಲಲ್ಲಾದರೂ ಬಿಡೆ ಇರಬೇಕು ಅಂತ 1975ರಿಂದ ನಿಯಮವೇ ಇದೆ. ಕಮೋಡ್ ಪಕ್ಕದಲ್ಲೇ ಇನ್ನೊಂದು ಗಿಡ್ಡ ಬೇಸಿನ್, ಅದಕ್ಕೆ ಬಿಸಿನೀರು ತಣ್ಣೀರಿನ ನಲ್ಲಿ. ಮೊದಲ ದಿನ ನಾನು ಅದರಲ್ಲಿ ಕಾಲು ತೊಳೆದೆ, ಅದು ಬೇರೆ ಮಾತು. ಹೋಟೆಲ್ ರೂಮುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ರೈಲ್ವೆ ಸ್ಟೇಷನ್ ಟಾಯ್ಲೆಟ್‌ನಲ್ಲಿ ಇರುವುದಿಲ್ಲ, ಅಲ್ಲಿ ಒಂದು ಯೂರೋ ಚಿಲ್ಲರೆಯನ್ನೂ ಕೇಳುತ್ತಾರೆ. ಸಣ್ಣ ಬಾಟಲಿ ಕೈಚೀಲದಲ್ಲಿರಲಿ.

ಊಟಕ್ಕೆ ಕಷ್ಟವಿಲ್ಲ. ಆದರೆ ಸಸ್ಯಾಹಾರಿ ಅಂದಾಗ ಅವರಿಗೆ ಅರ್ಥ ಆಗುವುದು ತಟ್ಟೆಯಲ್ಲಿ ಮಾಂಸದ ತುಂಡು ಬೇಡ ಅಂತ. ಸೂಪಿನ, ರಿಸೊಟ್ಟೊ ಅನ್ನದ ನೀರು ಕೋಳಿಯದೋ ದನದ್ದೋ ಇರಬಹುದು. ಪಾರ್ಮೆಸಾನ್ ಚೀಸ್ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಲ್ಲಿ. ಅಮ್ಮ ಅಷ್ಟು ಕಟ್ಟುನಿಟ್ಟಾಗಿದ್ದರೆ ಪಿಜ್ಜಾ ಮರಿನಾರಾ ಕೇಳಿ, ಬರೀ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಚೀಸೇ ಇಲ್ಲ. ಸ್ಪಗೆಟ್ಟಿ ಆಲಿಯೊ ಎ ಒಲಿಯೊ ಅಂದರೆ ಬೆಳ್ಳುಳ್ಳಿ ಎಣ್ಣೆ ಒಗ್ಗರಣೆಯ ಶಾವಿಗೆ ಅಂದುಕೊಳ್ಳಿ. ರಾತ್ರಿ ಊಟ ಏಳು, ಏಳೂವರೆಗೆ ಮುಂಚೆ ಹೆಚ್ಚಿನ ಕಡೆ ಶುರುವಾಗುವುದಿಲ್ಲ, ಅಮ್ಮನ ಹಸಿವಿಗೆ ಬ್ಯಾಗಿನಲ್ಲಿ ಏನಾದರೂ ಇರಲಿ. ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗೆ ಎರಡು ಯೂರೋ ಸುಮಾರು ಬಂದಿರುತ್ತದೆ. ಮೋಸ ಅಲ್ಲ, ಕೂತದ್ದಕ್ಕೆ, ಬ್ರೆಡ್ಡಿಗೆ ಅಂತ ಹಾಕುವ ಚಾರ್ಜು.

ಮಂಡಿಗೆ ಮಾತ್ರ ಇಟಲಿ ಒಳ್ಳೆಯದಲ್ಲ. ರೋಮ್‌ನ ಹಳೇ ಬೀದಿಗಳು ಕಲ್ಲು ಹಾಸಿದವು. ವೆನಿಸ್‌ನಲ್ಲಿ ನಾನೂರಕ್ಕೂ ಜಾಸ್ತಿ ಸೇತುವೆ, ಹೆಚ್ಚಿನವಕ್ಕೆ ಮೆಟ್ಟಿಲು. ದೊಡ್ಡ ರೈಲ್ವೆ ಸ್ಟೇಷನ್‌ಗಳಲ್ಲಿ ಸಾಲಾ ಬ್ಲೂ ಅನ್ನುವ ಸಹಾಯ ಕೇಂದ್ರ ಇದೆ, ಮೊದಲೇ ತಿಳಿಸಿದರೆ ಗಾಲಿಕುರ್ಚಿಯಲ್ಲಿ ರೈಲಿಗೆ ಹತ್ತಿಸುತ್ತಾರೆ, ಪುಕ್ಕಟೆ.

ನಮ್ಮ ಅಜ್ಜ ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿದ್ದರಂತೆ. ಜೀವಂತ ವಾಪಸ್ ಬಂದರು. ಕೊನೆಗಾಲದಲ್ಲಿ "ಕಸೀನು, ಕಸೀನು" ಅನ್ನುತ್ತಿದ್ದರು, ನಾವು ಯಾರೋ ಸಂಬಂಧಿಕರನ್ನು ಕರೆಯುತ್ತಾರೆ ಅಂದುಕೊಂಡಿದ್ದೆವು. ಈಗ ನೋಡಿದರೆ ಕಸ್ಸಿನೋ ಅಂತ ಊರಿದೆಯಂತೆ. ಹೋಗಿ ಬರಬಹುದಾ? ಐನ್‌ಮನೆಯ, ಅಂದರೆ ನಮ್ಮ ಕುಲದ ಮೂಲಮನೆಯ, ಒಂದು ಹಿಡಿ ಮಣ್ಣು ಒಯ್ಯುವ ಆಸೆ.
– ಪೊನ್ನಂಪೇಟೆಯ ಓದುಗರು

ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಖಂಡಿತ ಹೋಗಿ ಬನ್ನಿ. ಇಟಲಿಗೆ ಹೋಗುವ ನಮ್ಮವರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಇದು ಗೊತ್ತೇ ಇಲ್ಲ. ಸುಮಾರು 50,000 ಭಾರತೀಯ ಸೈನಿಕರು ಅಲ್ಲಿ ಹೋರಾಡಿದರು, 5,782 ಜನ ಸತ್ತರು. 4, 8 ಮತ್ತು 10ನೇ ಭಾರತೀಯ ಡಿವಿಜನ್‌ಗಳು ಅಲ್ಲಿದ್ದವು. 8ನೆಯದು 1943ರ ಸೆಪ್ಟೆಂಬರ್‌ನಲ್ಲಿ ತಾರಂತೊ ಬಂದರಿನಲ್ಲಿ ಇಳಿಯಿತು. 4ನೆಯದು 1944ರ ಫೆಬ್ರವರಿ, ಮಾರ್ಚ್‌ನಲ್ಲಿ ಕಸ್ಸಿನೋ ಬೆಟ್ಟದ ಕೆಳಗಿತ್ತು. ಮೇ 11ರ ರಾತ್ರಿ ಅಲ್ಲೇ ಹತ್ತಿರದ ಗಾರಿ ನದಿ ದಾಟಲು ಶುರುಮಾಡಿದವರಲ್ಲಿ 8ನೇ ಡಿವಿಜನ್‌ನವರಿದ್ದರು. ಆ ಹೋರಾಟದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಸಿಪಾಯಿ ಕಮಲ್ ರಾಮ್‌ಗೆ ಆಗ 19 ವರ್ಷ.

ಹೊರಡುವ ಮುಂಚೆ ಮನೆಯಲ್ಲಿ ಒಂದು ಕೆಲಸ ಮಾಡಿ. ಅಜ್ಜನ ಟ್ರಂಕ್ ಇದ್ದರೆ ತೆಗೆಯಿರಿ. ಆರು ಮೂಲೆಯ ನಕ್ಷತ್ರದ ಪದಕ, ಅದರ ಪಟ್ಟಿ ಕೆಂಪು, ಬಿಳಿ, ಹಸಿರು, ಬಿಳಿ, ಕೆಂಪು, ಹೀಗೆ ಐದು ಗೆರೆ ಇದ್ದರೆ ಅದು ಇಟಲಿ ಸ್ಟಾರ್. ಬಟ್ಟೆಯ ಬಣ್ಣ ಮಾಸಿರುತ್ತದೆ, ಬೆಳಕಿಗೆ ಹಿಡಿದು ನೋಡಿ. ಡಿಸ್ಚಾರ್ಜ್ ಪುಸ್ತಕ ಸಿಕ್ಕಿದರೆ ಅದರಲ್ಲಿ ಯೂನಿಟ್ ಹೆಸರು ಇರುತ್ತದೆ. ಯೂನಿಟ್ ಗೊತ್ತಾದರೆ ಅಜ್ಜ ಯಾವ ತಿಂಗಳು ಯಾವ ಊರಿನಲ್ಲಿದ್ದರು ಅಂತ ಪತ್ತೆ ಹಚ್ಚಬಹುದು. ಸತ್ತವರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದವರು ತಮ್ಮ ವೆಬ್‌ಸೈಟಿನಲ್ಲಿ ಹಾಕಿದ್ದಾರೆ, ಅಜ್ಜನ ಜೊತೆಗಾರರನ್ನು ಅಲ್ಲಿ ಹುಡುಕಬಹುದು. ನಮ್ಮ ಮನೆಹೆಸರುಗಳನ್ನು ಆ ಕಾಲದ ಗುಮಾಸ್ತರು ಹೇಗೆಹೇಗೋ ಬರೆದಿರುತ್ತಾರೆ, ಹಾಗಾಗಿ ಹೆಸರಿಗಿಂತ ರೆಜಿಮೆಂಟ್ ಹಾಕಿ ಹುಡುಕಿ. ಕೆಲವರ ಹೆಸರಿನ ಮುಂದೆ ತಂದೆಯ ಹೆಸರು, ಊರು, ಜಿಲ್ಲೆ ಸಹ ಇರುತ್ತದೆ.

ರೋಮ್‌ನ ತೆರ್ಮಿನಿ ಸ್ಟೇಷನ್ನಿನಿಂದ ಕಸ್ಸಿನೋಗೆ ಸಾದಾ ರೈಲು ಇದೆ, ಎರಡು ಗಂಟೆಯೊಳಗೆ ತಲುಪುತ್ತೀರಿ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಸಮಾಧಿ ಸ್ಥಳ ಸ್ಟೇಷನ್ನಿನಿಂದ ನಡೆದು ಹೋಗುವಷ್ಟೇ ದೂರ. ಹುಲ್ಲು ಕತ್ತರಿಸಿ, ಸಾಲುಸಾಲು ಬಿಳಿ ಕಲ್ಲು ನಿಲ್ಲಿಸಿದ್ದಾರೆ, ತಲೆಯೆತ್ತಿದರೆ ಬೆಟ್ಟದ ಮೇಲೆ ಮಠ. ಆ ಮಠವನ್ನು 1944ರ ಫೆಬ್ರವರಿ 15ರಂದು ಬಾಂಬ್ ಹಾಕಿ ಪುಡಿ ಮಾಡಿದ್ದರು, ಈಗಿರುವುದು ಆಮೇಲೆ ಕಟ್ಟಿದ್ದು. ಸಮಾಧಿಯೇ ಸಿಗದವರ ಹೆಸರನ್ನು ಹಸಿರು ಅಮೃತಶಿಲೆಯ ಕಂಬಗಳಲ್ಲಿ ಕೆತ್ತಿದ್ದಾರೆ. ಭಾರತದ ರೆಜಿಮೆಂಟುಗಳ ಹೆಸರು ಓದುತ್ತಾ ನಿಂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಒಬ್ಬ ಇಟಲಿಯ ಮುದುಕ ಸೈಕಲ್ ನಿಲ್ಲಿಸಿ ಟೋಪಿ ತೆಗೆದು ನಮಗೆ ತಲೆ ಬಗ್ಗಿಸಿದ. ಮಾತು ಬರಲಿಲ್ಲ, ನಾನೂ ಕೈಮುಗಿದೆ.

ದಹನ ಮಾಡಿದ ಹಿಂದೂ, ಸಿಖ್ ಸೈನಿಕರಿಗೆ ಬೇರೆ ಸ್ಮಾರಕಗಳಿವೆ. ಆಡ್ರಿಯಾಟಿಕ್ ಕರಾವಳಿಯ ಕಡೆ ಸಾಂಗ್ರೊ ನದಿಯ ಹತ್ತಿರ ಒಂದು, ಉತ್ತರಕ್ಕೆ ಫೊರ್ಲಿಯಲ್ಲಿ ಒಂದು. ಅಜ್ಜನ ಯೂನಿಟ್ 8ನೇ ಡಿವಿಜನ್ ಆಗಿದ್ದರೆ ಸಾಂಗ್ರೊವನ್ನೂ ನೋಡಿ ಬನ್ನಿ.

ಐನ್‌ಮನೆ ಮಣ್ಣು ಬೇಡ. ಹೊರಗಿನ ಮಣ್ಣು ಯೂರೋಪಿನೊಳಗೆ ತರುವುದು ನಿಷಿದ್ಧ, ಒಂದು ಹಿಡಿಯಾದರೂ ಅಷ್ಟೆ. ತಲಕಾವೇರಿಯ ತೀರ್ಥ ಒಯ್ಯಿರಿ. ಕೈಚೀಲದಲ್ಲಾದರೆ 100 ಎಂ.ಎಲ್. ಒಳಗಿನ ಬಾಟಲಿಯಲ್ಲಿ.

ಇಟಲಿಯ ಕಾಫಿ ಅಂತಾರಲ್ಲ, ಅದರಲ್ಲಿ ನಮ್ಮ ಕಾಫಿ ಇದೆಯಾ? ಹೇಗೆ ಕೇಳಬೇಕು ಕುಡಿಯಲು?
– ಸುಂಟಿಕೊಪ್ಪದ ಓದುಗರು

ಇದೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶವೇ ಇಟಲಿ. ರೊಬಸ್ಟಾ ಬೆರೆಸಿದರೆ ಎಸ್ಪ್ರೆಸ್ಸೊ ಮೇಲಿನ ಕಂದು ನೊರೆ ದಪ್ಪಗೆ ನಿಲ್ಲುತ್ತದೆ. ಅದಕ್ಕೇ ತೊಳೆದು ಒಣಗಿಸಿದ ನಮ್ಮ ರೊಬಸ್ಟಾ ಪಾರ್ಚ್‌ಮೆಂಟ್‌ಗೆ ಅಲ್ಲಿ ಬೆಲೆ. ಆದರೆ ಬೆರೆಸಿ ಹುರಿಯುವುದರಿಂದ ಕಪ್ಪಿನ ಮೇಲೆ ಕೊಡಗು ಅಂತ ಬರೆದಿರುವುದಿಲ್ಲ. ಕಣದಲ್ಲಿ ಒಣಗಿಸಿದ್ದು ನಾವು, ಹೆಸರು ಅವರದು. ಹೊಟ್ಟೆ ಉರಿ ಸ್ವಲ್ಪ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ಕುಡಿಯುವ ಕ್ರಮ ಹೀಗೆ. ಕಾಫಿ ಅಂಗಡಿಗೆ ಅಲ್ಲಿ ಬಾರ್ ಅನ್ನುತ್ತಾರೆ, ಗಾಬರಿಯಾಗಬೇಡಿ. ಕೌಂಟರ್ ಹತ್ತಿರ ನಿಂತು ಕುಡಿದರೆ ಒಂದು ಯೂರೋ ಚಿಲ್ಲರೆ. ಅದೇ ಕಾಫಿ ಮೇಜಿನಲ್ಲಿ ಕೂತು ಕುಡಿದರೆ ರೇಟೇ ಬೇರೆ, ವೆನಿಸ್‌ನ ದೊಡ್ಡ ಚೌಕದಲ್ಲಂತೂ ಕೂರುವ ಮುಂಚೆ ಬೆಲೆಪಟ್ಟಿ ಓದಿ. ಎಷ್ಟೋ ಕಡೆ ಮೊದಲು ಕ್ಯಾಷ್‌ನಲ್ಲಿ ದುಡ್ಡು ಕೊಟ್ಟು ಚೀಟಿ ತಂದು ಕೌಂಟರ್ ಮೇಲಿಡಬೇಕು, ನಮ್ಮ ದರ್ಶಿನಿ ಹಾಗೇ. "ಉನ್ ಕಫೆ" ಅಂದರೆ ಎರಡು ಗುಟುಕಿನ ಎಸ್ಪ್ರೆಸ್ಸೊ. "ಲಾಟೆ" ಅಂತ ಮಾತ್ರ ಕೇಳಬೇಡಿ, ಒಂದು ಲೋಟ ಹಾಲು ತಂದಿಡುತ್ತಾರೆ. ಆ ಭಾಷೆಯಲ್ಲಿ ಲಾತ್ತೆ ಅಂದರೆ ಹಾಲೇ. ನಮ್ಮ ಫಿಲ್ಟರ್ ಕಾಫಿಗೆ ಹತ್ತಿರದ್ದು ಬೇಕಾದರೆ "ಕಫೆ ಲಾತ್ತೆ" ಅನ್ನಿ. ಊಟದ ಮೇಲೆ ಹಾಲು ಹಾಕಿದ ಕಾಫಿ ಕೇಳಿದರೆ ಕೊಡುತ್ತಾರೆ, ಮುಖ ಮಾತ್ರ ಒಂಥರಾ ಮಾಡುತ್ತಾರೆ.

ನೆನಪಿಗೆ ಏನಾದರೂ ತರಬೇಕಾದರೆ ಮೋಕಾ ಪಾತ್ರೆ ತನ್ನಿ. 1933ರಿಂದ ಬಂದ ಅಲ್ಯೂಮಿನಿಯಂನ ಎಂಟು ಮೂಲೆಯ ಪಾತ್ರೆ ಅದು. ನಮ್ಮ ತೋಟದ ಪುಡಿಯನ್ನೇ ಸ್ವಲ್ಪ ತರಿಯಾಗಿ ಬೀಸಿ ಅದರಲ್ಲಿ ಹಾಕಿ, ಚಿಕೋರಿ ಬೇಡ, ಕಟ್ಟಿಕೊಳ್ಳುತ್ತದೆ.

ಕಾರು ಬಾಡಿಗೆಗೆ ತೆಗೆದುಕೊಳ್ಳುವುದಾ, ರೈಲಾ? ಘಾಟಿಯಲ್ಲಿ ಓಡಿಸಿ ಅಭ್ಯಾಸ ಇದೆ.
– ನಾಪೋಕ್ಲುವಿನ ಓದುಗರು

ರೈಲೇ ಇಲ್ಲದ ಜಿಲ್ಲೆಯವರು ನಾವು, ಅದಕ್ಕೇ ಕಾರಿನ ಯೋಚನೆ ಮೊದಲು ಬರುತ್ತದೆ. ಊರಿಂದೂರಿಗೆ ರೈಲೇ ಸರಿ. ರೋಮ್‌ನಿಂದ ಫ್ಲಾರೆನ್ಸ್‌ಗೆ ಒಂದೂವರೆ ಗಂಟೆ, ಅಲ್ಲಿಂದ ವೆನಿಸ್‌ಗೆ ಎರಡು ಗಂಟೆ ಸುಮಾರು. ವೇಗದ ರೈಲಿನ ಟಿಕೆಟ್ ಮುಂಚೆ ಮಾಡಿದಷ್ಟೂ ಅಗ್ಗ. ಸಾದಾ ರೈಲಿಗೆ ಯಾವಾಗ ಕೊಂಡರೂ ಅದೇ ಬೆಲೆ, ಅವಸರವಿಲ್ಲ. ಆದರೆ ಸಾದಾ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರಂನ ಸಣ್ಣ ಮೆಷಿನ್‌ಗೆ ತೂರಿಸಿ ಸೀಲ್ ಹಾಕಿಸಬೇಕು. ಫೋನಿನಲ್ಲಿ ಮಾಡಿದ್ದಾದರೆ ಹತ್ತುವ ಮುಂಚೆ ಚೆಕ್ ಇನ್ ಒತ್ತಬೇಕು. ನಾವು ಟಿಕೆಟ್ ಇದೆಯಲ್ಲ ಅಂತ ಧೈರ್ಯವಾಗಿ ಕೂತಿದ್ದೆವು, ಚೆಕಿಂಗ್‌ನವಳು ನಗುನಗುತ್ತಲೇ ದಂಡ ಬರೆದಳು. ಆ ದುಡ್ಡಿಗೆ ಇಬ್ಬರೂ ಎರಡು ರಾತ್ರಿ ಊಟ ಮಾಡಬಹುದಿತ್ತು.

ಕಾರು ಬೇಕಾಗುವುದು ಟಸ್ಕನಿಯ ಹಳ್ಳಿ ಕಡೆ ಸುತ್ತಲು. ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತದೆ, ನಮ್ಮ ಲೈಸೆನ್ಸೂ ಜೊತೆಗಿರಬೇಕು. ಓಡಿಸುವುದು ರಸ್ತೆಯ ಬಲಗಡೆ. ತಿರುವು, ಕಡಿದಾದ ಏರು ನಿಮಗೆ ಲೆಕ್ಕಕ್ಕಿಲ್ಲ. ಆಪತ್ತು ಇರುವುದು ಪೇಟೆಯೊಳಗೆ. ಹಳೇ ಪೇಟೆಗಳ ಬಾಯಲ್ಲಿ ಬಿಳಿ ವೃತ್ತ, ಅದಕ್ಕೆ ಕೆಂಪು ಅಂಚು, ಜೆಡ್‌ಟಿಎಲ್ ಅಂತ ಬೋರ್ಡ್ ಇರುತ್ತದೆ. ಅನುಮತಿ ಇಲ್ಲದವರು ಒಳಗೆ ಹೋಗುವಂತಿಲ್ಲ. ಪಕ್ಕದ ಬೋರ್ಡಿನಲ್ಲಿ "ವಾರ್ಕೊ ಅತ್ತಿವೊ" ಅಂತ ಬಂದರೆ ಆಕ್ಟಿವ್, ಒಳಗೆ ಹೋಗಬಹುದು ಅಂತಲ್ಲ. ಕ್ಯಾಮೆರಾ ಕೆಲಸ ಮಾಡುತ್ತಿದೆ, ಹೋಗಬೇಡ ಅಂತ. ಗೇಟಿಲ್ಲ, ಪೊಲೀಸಿಲ್ಲ, ಯಾರೂ ತಡೆಯುವುದಿಲ್ಲ. ವಿದೇಶದವರಿಗೆ ದಂಡದ ನೋಟಿಸ್ ಕಳಿಸಲು ಅವರಿಗೆ 360 ದಿನ ಸಮಯವಿದೆ. ನೀವು ಎಲ್ಲ ಮರೆತು ಕಾಫಿ ಗಿಡ ಕಪಾತು ಮಾಡಿಸುತ್ತಿರುವಾಗ ಪೋಸ್ಟ್‌ಮ್ಯಾನ್ ತರುತ್ತಾನೆ.

ಇನ್ನು ಚಿಕ್ಕ ಚಿಕ್ಕ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ

ವೆನಿಸ್‌ಗೆ ಪ್ರವೇಶ ಶುಲ್ಕ ಇದೆಯಾ ಅಂತ ಸೋಮವಾರಪೇಟೆಯಿಂದ ಕೇಳಿದ್ದಾರೆ. 2024ರಿಂದ ಇದೆ, ಜನ ಜಾಸ್ತಿ ಇರುವ ಕೆಲವು ದಿನಗಳಲ್ಲಿ ಮಾತ್ರ. ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ 5 ಯೂರೋ, ಕೊನೇ ಗಳಿಗೆಯಲ್ಲಿ ಮಾಡಿದರೆ 10 ಅಂತ 2025ರಲ್ಲಿ ಇತ್ತು. ಅಲ್ಲೇ ರಾತ್ರಿ ಉಳಿಯುವವರಿಗೆ ಇಲ್ಲ. ರಾತ್ರಿ ಉಳಿಯಿರಿ, ಜನ ಖಾಲಿಯಾದ ಮೇಲೆ ಆ ಊರು ಬೇರೆಯೇ.

ಪ್ಲಗ್ ಬಗ್ಗೆ ಕೇಳಿದವರಿಗೆ: ಕರೆಂಟ್ ನಮ್ಮ ಹಾಗೇ 230 ವೋಲ್ಟ್. ಎರಡು ತೆಳು ಪಿನ್ನಿನ ಫೋನ್ ಚಾರ್ಜರ್ ಸೀದಾ ಕೂರುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು.

ಕುಡಿಯುವ ನೀರು ಕೊಳ್ಳಬೇಡಿ. ರೋಮ್‌ನಲ್ಲಿ ಸುಮಾರು 2,500 ಬೀದಿ ನಲ್ಲಿಗಳಿವೆ, ಹಗಲು ರಾತ್ರಿ ಹರಿಯುತ್ತವೆ, ತಣ್ಣಗೆ ಚೆನ್ನಾಗಿರುತ್ತದೆ. ಬಾಟಲಿ ಹಿಡಿದು ತುಂಬಿಸಿ.

ಕಳ್ಳರ ಭಯ ಇದೆಯಾ? ಚೂರಿ ತೋರಿಸುವವರ ಭಯ ಕಡಿಮೆ, ಜೇಬುಗಳ್ಳರದ್ದು ಜಾಸ್ತಿ. ತೆರ್ಮಿನಿ ಸ್ಟೇಷನ್, ಅಲ್ಲಿಂದ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸು, ಮೆಟ್ರೋ ಬಾಗಿಲು, ಇಲ್ಲೆಲ್ಲ ಪರ್ಸ್ ಮುಂದಿನ ಜೇಬಿನಲ್ಲಿರಲಿ. ಪಾಸ್‌ಪೋರ್ಟ್ ಹೋದರೆ ಮೊದಲು ಪೊಲೀಸ್ ದೂರು, ಆಮೇಲೆ ರೋಮ್‌ನ ನಮ್ಮ ರಾಯಭಾರ ಕಚೇರಿ, ಇಲ್ಲವೇ ಮಿಲಾನ್‌ನ ಕಾನ್ಸುಲೇಟ್. ಎಲ್ಲ ತುರ್ತಿಗೂ ನಂಬರ್ 112.

ಹನ್ನೆರಡು ದಿನದಲ್ಲಿ ಎಂಟು ದೇಶದ ಪ್ಯಾಕೇಜ್ ಬಗ್ಗೆ ಕೇಳಿದ ಶನಿವಾರಸಂತೆಯ ಓದುಗರೇ, ಬೇಡ. ಅದೇ ಹನ್ನೆರಡು ದಿನಕ್ಕೆ ಮೂರು ಊರು ಇಟ್ಟುಕೊಳ್ಳಿ.

ಸ್ನೇಹಿತನ ಮದುವೆ ಫ್ಲಾರೆನ್ಸ್ ಹತ್ತಿರ. ಕುಪ್ಯಚೇಲೆ (ನಮ್ಮ ನಿಲುವಂಗಿ, ಸೊಂಟಪಟ್ಟಿ) ಉಟ್ಟು ಹೋಗಬೇಕು ಅಂತಿದ್ದೇನೆ. ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಒಯ್ಯಬಹುದಾ?
– ಭಾಗಮಂಡಲದ ಓದುಗರು

ಕುಪ್ಯ ಒಯ್ಯಿ, ಚೇಲೆ ಒಯ್ಯಿ. ಪೀಚೆಕತ್ತಿ ಮನೆಯಲ್ಲೇ ಇರಲಿ. ಕೈಚೀಲದಲ್ಲಂತೂ ಆಗುವುದೇ ಇಲ್ಲ. ಚೆಕ್ ಇನ್ ಬ್ಯಾಗಿನಲ್ಲಿ ದಾಟಿಸಿದರೂ, ತಕ್ಕ ಕಾರಣವಿಲ್ಲದೆ ಮನೆಯಿಂದ ಹೊರಗೆ ಚಾಕು ಹಿಡಿದು ಓಡಾಡುವುದು ಇಟಲಿಯ ಕಾನೂನಿನಲ್ಲಿ ಅಪರಾಧ. ನಮ್ಮ ಪದ್ಧತಿ, ನಮ್ಮ ಉಡುಪು, ಬೆಳ್ಳಿ ಸರಪಳಿ ಅಂತೆಲ್ಲ ಅಲ್ಲಿನ ಪೊಲೀಸಿನವನಿಗೆ ಬೀದಿಯಲ್ಲಿ ನಿಂತು ಕೈಸನ್ನೆಯಲ್ಲಿ ವಿವರಿಸುತ್ತಾ ಕೂತರೆ ಮುಹೂರ್ತ ತಪ್ಪಿಹೋಗುತ್ತದೆ. ಫೋಟೋದಲ್ಲಿ ಸೊಂಟ ಖಾಲಿ ಕಾಣುತ್ತದೆ ಅನ್ನಿಸಿದರೆ ಮದುಮಗನ ಹೆಗಲ ಹಿಂದೆ ನಿಂತುಕೊಳ್ಳಿ.